100ನೇ ಕೋಸ್ಟರ್ ಯಾವುದಾಗಬೇಕು? ಎಣಿಕೆಯ ತಕರಾರು, ಸೀಡರ್ ಪಾಯಿಂಟ್ ಕ್ರಮ, ಸಂಜೆಯ ಶೋ

ಹಳಿಹುಚ್ಚ:
ಇದುವರೆಗೆ ಹತ್ತಿದ ಬೇರೆ ಬೇರೆ ರೋಲರ್ ಕೋಸ್ಟರುಗಳ ಲೆಕ್ಕ 94ಕ್ಕೆ ಬಂದು ನಿಂತಿದೆ. ಮುಂದಿನದು ಒಹಾಯೊದ ಸ್ಯಾಂಡಸ್ಕಿಯ ಸೀಡರ್ ಪಾಯಿಂಟ್ ಪಾರ್ಕು. ಸಿಗುವುದು ಒಂದು ಮಧ್ಯಾಹ್ನ, ಮರುದಿನ ಪೂರ್ತಿ. 100ನೆಯದು ಅಲ್ಲಿನ ಸ್ಟೀಲ್ ವೆಂಜನ್ಸ್ ಕೋಸ್ಟರ್ ಆಗಬೇಕು. 99 ಆಗಬಾರದು, 101 ಆಗಬಾರದು. ಯಾವ ಕ್ರಮದಲ್ಲಿ ಹತ್ತಿದರೆ ಇದು ಕೂಡಿಬರುತ್ತದೆ? ಗಾಳಿ, ಮಳೆ, ಬ್ರೇಕ್‌ಡೌನ್ ಎಲ್ಲ ಹಿಡಿದು ಹೇಳಿ. "ಸಂಖ್ಯೆಯಲ್ಲೇನಿದೆ, ಖುಷಿ ಮುಖ್ಯ" ಅನ್ನುವವರಿಗೆ ಬೇರೆ ಎಳೆಗಳಿವೆ.

ಚಿತ್ರಗುಪ್ತ:
ಕ್ರಮ ಆಮೇಲೆ. ಮೊದಲು ಆ 94 ನಿಜಕ್ಕೂ 94 ಹೌದೋ ಅಲ್ಲವೋ ನೋಡಿ. ಮೈಲಿಗಲ್ಲು ಕೆಡುವುದು ಪಾರ್ಕಿನಲ್ಲಲ್ಲ, ಹಳೆಯ ಪಟ್ಟಿಯಲ್ಲಿ. ನೂರರ ಫೋಟೊ ಹಾಕಿ ಆರು ತಿಂಗಳಾದ ಮೇಲೆ ಪಟ್ಟಿಯಲ್ಲೊಂದು ಖೋಟಾ ಸಿಕ್ಕಿತೆಂದರೆ ಆ ಫೋಟೊ 99ರದ್ದಾಗುತ್ತದೆ.

ಆರ್‌ಸಿಡಿಬಿ (ಜಗತ್ತಿನ ರೋಲರ್ ಕೋಸ್ಟರುಗಳ ವಿವರ ಇಡುವ ಜಾಲತಾಣ) ತೆರೆದು ಒಂದೊಂದೇ ಸಾಲು ತಾಳೆ ನೋಡಿ. 1996ರಿಂದ ನಡೆದುಬಂದ ಆ ದಾಖಲೆಯೇ ಬಹುಪಾಲು ಜನರಿಗೆ ಪಂಚಾಂಗ.

ಹೆಚ್ಚು ಜನ ಎಡವುವುದು ಮೋಟಾರು ಕೋಸ್ಟರಿನಲ್ಲಿ. ಹಳಿ ಇದೆ, ಬೋಗಿ ಇದೆ, ಇಳಿಜಾರೂ ಇದೆ. ಆದರೆ ಗಾಡಿ ಇಡೀ ಸುತ್ತು ತನ್ನ ಮೋಟಾರಿನ ಬಲದಲ್ಲೇ ಓಡುತ್ತದೆ, ಹಾಗಾಗಿ ಎಣಿಕೆಗಿಲ್ಲ. ಯೂರೋಪಾ-ಪಾರ್ಕಿನ 1984ರ ಆಲ್ಪೆನ್‌ಎಕ್ಸ್‌ಪ್ರೆಸ್ ಇಂಥದ್ದು. ಜರ್ಮನಿಯಲ್ಲಿರುವ ನಮ್ಮವರ ಪಟ್ಟಿಗಳಲ್ಲಿ ಮೊದಲು ಹುಡುಕಬೇಕಾದ ಹೆಸರು ಇದೇ. ಗುರುತು ಹಿಡಿಯುವುದು ಸುಲಭ: ಮೊದಲ ಏರಿಗೆ ಸರಪಳಿಯ ಟಕಟಕ ಇರುವುದಿಲ್ಲ, ಏರಿನಲ್ಲೂ ಇಳಿಜಾರಿನಲ್ಲೂ ವೇಗ ಹೆಚ್ಚುಕಡಿಮೆ ಒಂದೇ, ಸಾಮಾನ್ಯವಾಗಿ ಎರಡು ಸುತ್ತು ಹೊಡೆಸುತ್ತಾರೆ. ಲಾಂಚ್ ಕೋಸ್ಟರ್ ಬೇರೆ ಸಂಗತಿ. ಅದು ನೂಕಿಸಿಕೊಂಡು ಹೊರಟರೂ ಆಮೇಲಿನದೆಲ್ಲ ಗುರುತ್ವದ ಕೆಲಸ, ಹಾಗಾಗಿ ಕ್ರೆಡಿಟ್ (ಪಟ್ಟಿಯಲ್ಲಿ ಒಂದು ಎಣಿಕೆ) ಉಂಟು.

ಹೆಸರು ಬದಲಾದದ್ದು, ರೂಪ ಬದಲಾದದ್ದು ಎರಡನೇ ಬಲೆ. ಇದಕ್ಕೆ ಸೀಡರ್ ಪಾಯಿಂಟೇ ಪಾಠಶಾಲೆ. 1996ರ ಮ್ಯಾಂಟಿಸ್ ನಿಂತು ಹೋಗುವ ಕೋಸ್ಟರ್ ಆಗಿತ್ತು. 2015ರಲ್ಲಿ ಅದೇ ಹಳಿಗೆ ಕುಳಿತುಕೊಳ್ಳುವ ಬೋಗಿ ಹಾಕಿ ರೂಗರೂ ಅಂದರು. ಹಳಿ ಅದೇ, ಆದ್ದರಿಂದ ಕ್ರೆಡಿಟ್ ಒಂದೇ. 1991ರ ಮೀನ್ ಸ್ಟ್ರೀಕ್ ಮರದ್ದು. ಅದರ ಮರದ ಚೌಕಟ್ಟು ಉಳಿಸಿಕೊಂಡು ಆರ್‌ಎಂಸಿ ಎಂಬ ಕೋಸ್ಟರ್ ಕಂಪನಿಯವರು ಉಕ್ಕಿನ ಹಳಿ ಹಾಸಿ, ವಿನ್ಯಾಸವನ್ನೇ ಬದಲಿಸಿ 2018ರಲ್ಲಿ ಸ್ಟೀಲ್ ವೆಂಜನ್ಸ್ ಮಾಡಿದರು. ಇದು ಹೊಸ ಕ್ರೆಡಿಟ್, ತಕರಾರಿಲ್ಲ.

ಜಾಗ ಬದಲಿಸಿದ ಕೋಸ್ಟರ್ ಎಲ್ಲಿ ಹತ್ತಿದರೂ ಒಂದೇ. ಒಂದೇ ಅಚ್ಚಿನ ಎರಡು ಕೋಸ್ಟರ್ ಎರಡು ಊರಲ್ಲಿದ್ದರೆ ಎರಡು. ಕೆಡವಿ ಹಾಕಿದ್ದನ್ನು ಕೆಡವುವ ಮೊದಲು ಹತ್ತಿದ್ದರೆ ಅದು ಪಟ್ಟಿಯಿಂದ ಹೋಗುವುದಿಲ್ಲ.

ಕೊನೆಸಾಲು:
ಜೆಮಿನಿ ಬಿಟ್ಟುಬಿಟ್ಟಿರಿ ಚಿತ್ರಗುಪ್ತರೇ. ಈ ಪ್ರವಾಸಕ್ಕೆ ನಿಜವಾದ ಕಂಟಕ ಅದೇ.

ಚಿತ್ರಗುಪ್ತ:
ಬೇಕೆಂದೇ ಬಿಟ್ಟಿದ್ದು, ಇಲ್ಲಿ ಜಗಳ ಆಗುತ್ತದೆ ಅಂತ. ಸರಿ. 1978ರ ಜೆಮಿನಿಯಲ್ಲಿ ಕೆಂಪು, ನೀಲಿ ಎಂದು ಎರಡು ಹಳಿ. ಎರಡು ಗಾಡಿಗಳೂ ಪಕ್ಕಪಕ್ಕ ಪಂದ್ಯ ಕಟ್ಟಿ ಓಡುತ್ತವೆ. ಎರಡೂ ಪೂರ್ಣ ಸುತ್ತು, ಹಾಗಾಗಿ ಎರಡು ಕ್ರೆಡಿಟ್ ಅನ್ನುವ ಪಕ್ಷ ಒಂದು. ಹೆಸರು ಒಂದು, ನಿಲ್ದಾಣ ಒಂದು, ಹಾಗಾಗಿ ಒಂದೇ ಅನ್ನುವ ಪಕ್ಷ ಇನ್ನೊಂದು. ಡಿಸ್ನಿಲ್ಯಾಂಡಿನ 1959ರ ಮ್ಯಾಟರ್‌ಹಾರ್ನ್‌ಗೂ ಇದೇ ಗತಿ; ಅಲ್ಲಂತೂ ಎರಡು ಹಳಿಗಳ ದಾರಿಯೇ ಬೇರೆ ಬೇರೆ.

ಬ್ಲ್ಯಾಕ್‌ಪೂಲಿನ ಗ್ರ್ಯಾಂಡ್ ನ್ಯಾಷನಲ್ (1935), ಕೆನಿವುಡ್‌ನ ರೇಸರ್ (1927) ಮಾತ್ರ ಹಾಗಲ್ಲ. ನೋಡಲು ಎರಡು ಹಳಿ, ವಾಸ್ತವದಲ್ಲಿ ಒಂದೇ ಉದ್ದನೆಯ ಹಳಿ. ಎಡಗಡೆ ಹೊರಟ ಗಾಡಿ ಬಲಗಡೆಗೆ ಬಂದು ನಿಲ್ಲುತ್ತದೆ. ಎರಡೂ ಬದಿ ಹತ್ತಿ ಎರಡು ಬರೆದುಕೊಂಡಿದ್ದರೆ ಈಗಲೇ ಒಂದು ಹೊಡೆದುಹಾಕಿ.

ನನ್ನ ತೀರ್ಪು: ಜೆಮಿನಿಯನ್ನು ಹೇಗೆ ಬೇಕಾದರೂ ಎಣಿಸಿ, ಆದರೆ ನೂರಕ್ಕೆ ಮೊದಲು ಅದನ್ನು ಮುಟ್ಟಬೇಡಿ. 95ರಿಂದ 99ರ ನಡುವೆ ಅದು ಬಂದರೆ ಜೀವನಪೂರ್ತಿ ಯಾರಾದರೊಬ್ಬರು "ನಿಮ್ಮ ನೂರು 101 ಅಲ್ಲವೇ" ಅನ್ನುತ್ತಲೇ ಇರುತ್ತಾರೆ.

ಬೋಲ್ಟುನಟ್ಟು:
ಈಗ ಸಾಲಿನ ಗಣಿತ. ಆ್ಯಪ್ ತೋರಿಸುವ ಕಾಯುವ ಸಮಯವನ್ನು ನಂಬುವ ಬದಲು ನೀವೇ ಲೆಕ್ಕ ಹಾಕಬಹುದು, ಎರಡು ನಿಮಿಷದ ಕೆಲಸ.

ಬೇಕಾದದ್ದು ಎರಡೇ ಅಂಕಿ: ಗಾಡಿಯಲ್ಲಿ ಎಷ್ಟು ಸೀಟು, ಎಷ್ಟು ಸೆಕೆಂಡಿಗೊಂದು ಗಾಡಿ ಹೊರಡುತ್ತದೆ. ಸ್ಟೀಲ್ ವೆಂಜನ್ಸ್ ಗಾಡಿಯಲ್ಲಿ 24 ಸೀಟು. ಮೂರು ಗಾಡಿ ಓಡುತ್ತಾ 75 ಸೆಕೆಂಡಿಗೊಂದು ಹೊರಟರೆ ಗಂಟೆಗೆ 48 ಗಾಡಿ, 1152 ಜನ. ನಿಮ್ಮ ಮುಂದೆ 600 ಜನರಿದ್ದರೆ ಅರ್ಧ ಗಂಟೆ ಮೇಲೊಂದು ನಿಮಿಷ. ಅದೇ ಗಾಡಿ ಒಂದೇ ಓಡುತ್ತಿದ್ದರೆ ಸುತ್ತು, ಇಳಿಸುವುದು, ಹತ್ತಿಸುವುದು, ಬೆಲ್ಟ್ ಪರೀಕ್ಷೆ ಸೇರಿ ಐದು ನಿಮಿಷಕ್ಕೊಂದು ಅಂದುಕೊಳ್ಳಿ: ಗಂಟೆಗೆ 12 ಗಾಡಿ, 288 ಜನ. ಅದೇ 600 ಜನರ ಸಾಲು ಎರಡು ಗಂಟೆ ದಾಟುತ್ತದೆ. ಸಾಲಿನ ಉದ್ದ ಕಣ್ಣಿಗೆ ಒಂದೇ, ಕಾಯುವುದು ನಾಲ್ಕು ಪಟ್ಟು. ಆದ್ದರಿಂದ ಸಾಲು ಸೇರುವ ಮೊದಲು ಕೆಳಗೆ ನಿಂತು ಎರಡು ಸಲ ಗಾಡಿ ಏರುವುದನ್ನು ನೋಡಿ, ನಡುವಿನ ಸಮಯ ಅಳೆಯಿರಿ.

ಇದರ ಮೇಲೆ ಫಾಸ್ಟ್ ಲೇನ್, ಅಂದರೆ ಹೆಚ್ಚು ದುಡ್ಡು ಕೊಟ್ಟವರ ಬೇರೆ ಸಾಲು. ದುಡ್ಡು ಕೊಟ್ಟವರು ಅರ್ಧ ಸೀಟು ಹಿಡಿದರೆ ನಿಮ್ಮ ಲೆಕ್ಕ ದುಪ್ಪಟ್ಟು. ಎರಡು ಸಾಲು ಸೇರುವ ಜಾಗದಲ್ಲಿ ಸಿಬ್ಬಂದಿ ಆ ಕಡೆಯಿಂದ ಎಷ್ಟು, ಈ ಕಡೆಯಿಂದ ಎಷ್ಟು ಬಿಡುತ್ತಾರೆ ನೋಡಿ, ಗೊತ್ತಾಗುತ್ತದೆ.

ಇನ್ನೊಂದು: ಗಾಡಿಗಳು ನಿಲ್ದಾಣದ ಹೊರಗೆ ಬ್ರೇಕಿನ ಮೇಲೆ ಒಂದರ ಹಿಂದೊಂದು ನಿಂತಿದ್ದರೆ ತಪ್ಪು ಕೋಸ್ಟರಿನದ್ದಲ್ಲ, ಹತ್ತಿಸುವುದು ನಿಧಾನ ಆಗುತ್ತಿದೆ ಅಂತ. ಹಳಿ ಬ್ಲಾಕ್‌ಗಳಾಗಿ ಭಾಗವಾಗಿರುತ್ತದೆ, ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಮುಂದಿನದು ಖಾಲಿಯಾಗದೆ ಹಿಂದಿನದು ಕದಲುವುದಿಲ್ಲ.

ಸಾಲಲ್ಲಿನಿಂತವಳು:
ಹಾಗಾದರೆ ಕ್ರಮ ಇದು, ತಪ್ಪಿದ್ದರೆ ತಿದ್ದಿ.

ಮೊದಲ ಮಧ್ಯಾಹ್ನ ಐದು: ಬ್ಲೂ ಸ್ಟ್ರೀಕ್ (1964, ಮರದ್ದು), ಐರನ್ ಡ್ರ್ಯಾಗನ್ (1987), ಕಾರ್ಕ್‌ಸ್ಕ್ರೂ (1976), ಮ್ಯಾಗ್ನಮ್ (1989), ಸೀಡರ್ ಕ್ರೀಕ್ ಮೈನ್ ರೈಡ್ (1969). ಅಲ್ಲಿಗೆ 99. ಇವು ಹಳೆಯವು, ದೊಡ್ಡ ಹೊಸ ಕೋಸ್ಟರುಗಳಿಗೆ ಇರುವಷ್ಟು ನೂಕುನುಗ್ಗಲು ಇರುವುದಿಲ್ಲ, ಮಧ್ಯಾಹ್ನಕ್ಕೂ ಮುಗಿಯುತ್ತವೆ. ಮುಂಭಾಗದಿಂದ ಹಿಂಭಾಗಕ್ಕೆ ಸಾಗುವ ದಾರಿ, ಮತ್ತೆ ಮತ್ತೆ ನಡೆಯಬೇಕಾಗಿಲ್ಲ.

ಮರುದಿನ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಬೇರೆ ಯಾವುದಕ್ಕೂ ತಲೆ ಎತ್ತದೆ ಪಾರ್ಕಿನ ಹಿಂಭಾಗದ ಫ್ರಾಂಟಿಯರ್ ಟೌನ್‌ಗೆ. ಸ್ಟೀಲ್ ವೆಂಜನ್ಸ್, ನೂರು. ಪಕ್ಕದಲ್ಲೇ ಮ್ಯಾವರಿಕ್ ಇದೆ, 101. ಮ್ಯಾವರಿಕ್‌ನ ಸಾಲು ಬೇಗ ಬೆಳೆಯುತ್ತದೆ, ಅದನ್ನು ಆಗಲೇ ಮುಗಿಸಿ. ಮಿಲೆನಿಯಮ್ ಫೋರ್ಸ್ ಸಂಜೆಗೆ.

ಐದರಲ್ಲಿ ಒಂದು ಮುಚ್ಚಿದ್ದರೆ ಬದಲಿಗೆ ರ‍್ಯಾಪ್ಟರ್ (1994) ಅಥವಾ ವೈಲ್ಡ್ ಮೌಸ್ (2023). ಮ್ಯಾಂಟಿಸ್ ಹತ್ತದವರಾದರೆ ರೂಗರೂ ಕೂಡ ಆಗುತ್ತದೆ.

ಹುಬ್ಬಳ್ಳಿ ಮಂದಿ:
ಲೆಕ್ಕ ಚಲೋ ಹಾಕೀರಿ. ಆದ್ರ ಪಾರ್ಕ್ ಐತಿ ಎಲ್ಲಿ? ಈರಿ ಸರೋವರದಾಗ ಚಾಚಿಕೊಂಡ ನೆಲದ ತುದಿಮ್ಯಾಲ. ಅಲ್ಲಿ ಗಾಳಿ ಅಂದ್ರ ಗಾಳಿ ಅಲ್ರೀ, ಮಾಲಕ. ಅಂವ ಹೇಳಿದ್ದೇ ನಡಿತೈತಿ.

ಯಾಕ ಮುಚ್ತಾರ ಅಂತ ತಿಳಕೊಂಡ್ರ ಸಿಟ್ಟು ಬರೂದಿಲ್ಲ. ಎದುರುಗಾಳಿ ಗಾಡಿ ವೇಗ ತಿಂತೈತಿ. ಥಂಡಿ ಇದ್ರ ಗಾಲಿಯ ಪಾಲಿಯುರೆಥೇನ್ ಬಿಗೀತೈತಿ, ಬೇರಿಂಗ್‌ನಾಗಿನ ಗ್ರೀಸ್ ದಪ್ಪ ಆಗತೈತಿ. ಎರಡೂ ಕೂಡಿದ್ರ ಗಾಡಿ ನಡುವಿನ ಒಂದು ಗುಡ್ಡ ಹತ್ತಲಾರದ ಹಿಂದ-ಮುಂದ ತೂಗಿ ತಗ್ಗಿನಾಗ ನಿಂತಬಿಡ್ತದ. ಅದಕ್ಕ ವ್ಯಾಲಿ ಆಗೂದು ಅಂತಾರ. ಅದನ್ನ ಎಳಿಲಿಕ್ಕೆ ವಿಂಚ್ ಇಲ್ಲಾ ಕ್ರೇನ್ ಬೇಕು, ಆ ದಿವಸ ಮುಗೀತು. ಅದಕ್ಕ ಮುಂಜಾನೆ ಖಾಲಿ ಗಾಡಿ ಓಡಿಸ್ತಾರ, ಮೈ ಬೆಚ್ಚಗಾಗ್ಲಿ ಅಂತ. ಸಂಜಿ ಮುಂದ ಅದೇ ಕೋಸ್ಟರ್ ಜೋರು ಓಡ್ತೈತಿ, ಮರದ್ದಂತೂ ಹೆಚ್ಚು.

ಮಿಂಚು ಸುತ್ತಮುತ್ತ ಬಂತಂದ್ರ ಹೊರಗಿನೂ ಎಲ್ಲಾ ಬಂದ್. ಮಳಿ ಒಂದ ಇದ್ರ ಎಷ್ಟೋ ಓಡ್ತಾವು, ಆದ್ರ ಮಾರಿಗೆ ಹನಿ ಸೂಜಿ ಚುಚ್ಚಿದಂಗ.

ಮೇ ತಿಂಗಳಾಗ, ಸೆಪ್ಟೆಂಬರ್ ಕಡೀಕ ಹೋಗೋರು ಮುಂಜಾನಿ ನೂರು ಅಂತ ಹಟ ಹಿಡೀಬ್ಯಾಡ್ರಿ.

ಬೋಲ್ಟುನಟ್ಟು:
ಇದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ಬೆಳಗ್ಗೆ ಸ್ಟೀಲ್ ವೆಂಜನ್ಸ್ ಮುಚ್ಚಿದ್ದರೆ 99ರಲ್ಲೇ ನಿಲ್ಲಿ. ಹೊಸದು ಹತ್ತಬೇಡಿ, ಹಿಂದಿನ ದಿನದ ಐದನ್ನೇ ಮತ್ತೆ ಹತ್ತುತ್ತಿರಿ. ಎಷ್ಟು ಸಲ ಹತ್ತಿದರೂ ಲೆಕ್ಕ ಏರುವುದಿಲ್ಲ. ಆದರೆ ಗಡುವು ಇರಲಿ. ಮಧ್ಯಾಹ್ನ ಮೂರಕ್ಕೂ ತೆರೆಯದಿದ್ದರೆ ಎರಡನೇ ಆಯ್ಕೆಗೆ ಹೋಗಿ, ಇಲ್ಲವಾದರೆ ನೂರನ್ನು ಕಾಪಾಡಲು ಹೋಗಿ ಹತ್ತಾರು ಒಳ್ಳೆಯ ಕೋಸ್ಟರ್ ಕಳೆದುಕೊಂಡು ಮನೆಗೆ ಬರುತ್ತೀರಿ.

ಕೊನೆಸಾಲು:
ಎರಡನೇ ಆಯ್ಕೆ ಮ್ಯಾಗ್ನಮ್ ಆಗಲಿ ಅನ್ನುತ್ತೇನೆ, ಅದನ್ನು ಮೊದಲ ಮಧ್ಯಾಹ್ನದಿಂದ ತೆಗೆದುಬಿಡಿ. ಪೂರ್ಣ ಸುತ್ತಿನ ಕೋಸ್ಟರ್ 200 ಅಡಿ ದಾಟಿದ್ದು ಮೊದಲು ಅಲ್ಲಿ, 205 ಅಡಿ. 300 ದಾಟಿದ ಮೊದಲನೆಯದು ಅದೇ ಪಾರ್ಕಿನ ಮಿಲೆನಿಯಮ್ ಫೋರ್ಸ್ (2000, 310 ಅಡಿ), 400 ದಾಟಿದ್ದು ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ (2003, 420 ಅಡಿ). ಮೂರೂ ಒಂದೇ ಪಾರ್ಕಿನಲ್ಲಿ. ನೂರನೆಯದಕ್ಕೆ ಇತಿಹಾಸ ಬೇಕು ಅನ್ನುವವರಿಗೆ ಇದಕ್ಕಿಂತ ಏನು ಬೇಕು? ಸ್ಟೀಲ್ ವೆಂಜನ್ಸ್ ಚೆನ್ನಾಗಿದೆ, ಒಪ್ಪಿದೆ, ಆದರೆ ಎಲ್ಲರ ನೂರನೆಯದೂ ಅದೇ ಆಗಿ ಬೇಸರ ಬಂದಿದೆ.

ಚಿತ್ರಗುಪ್ತ:
ಮ್ಯಾಗ್ನಮ್ ಬದಲಿಗೆ ರ‍್ಯಾಪ್ಟರ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಒಪ್ಪಿಗೆ.

"ಮುಂದೆ ಯಾವಾಗಲಾದರೂ ನೋಡೋಣ" ಅನ್ನುವವರಿಗೊಂದು ಮಾತು. ನ್ಯೂಜೆರ್ಸಿಯ ಕಿಂಗ್ಡಾ ಕಾ, 456 ಅಡಿ, 2005ರಿಂದ ಜಗತ್ತಿನ ಅತಿ ಎತ್ತರದ್ದಾಗಿತ್ತು. ದೊಡ್ಡ ಸಂಖ್ಯೆಗೆ ಅಂತ ಕಾದಿಟ್ಟವರಿದ್ದರು. 2024ರ ನವೆಂಬರಿನಲ್ಲಿ ಕೊನೆಯ ದಿನ ಇದು ಎಂಬ ಮುನ್ಸೂಚನೆಯೂ ಇಲ್ಲದೆ ಮುಚ್ಚಿತು, 2025ರ ಫೆಬ್ರುವರಿ 28ರಂದು ಸ್ಫೋಟಕ ಇಟ್ಟು ಕೆಡವಿದರು. ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಕೂಡ 2021ರಲ್ಲಿ ನಿಂತದ್ದು, ಟಾಪ್ ಥ್ರಿಲ್ 2 ಆಗಿ ಬಂದದ್ದು 2024ರಲ್ಲಿ. ಅದೂ ತೆರೆದ ಕೆಲವೇ ದಿನಕ್ಕೆ ಆ ಹಂಗಾಮು ಪೂರ್ತಿ ಮುಚ್ಚಿತು. ಹೊಸ ಲಾಂಚ್ ಕೋಸ್ಟರನ್ನು ಮೈಲಿಗಲ್ಲಾಗಿ ಇಟ್ಟುಕೊಳ್ಳುವುದು ಮದುವೆ ಮುಹೂರ್ತವನ್ನು ವಿಮಾನದ ಸಮಯಕ್ಕೆ ಕಟ್ಟಿದ ಹಾಗೆ.

ಬಿಡದಿಬೋಗಿ:
ಊರಿನ ಪ್ರಶ್ನೆ. ಬಿಡದಿ ವಂಡರ್‌ಲಾದ ರೀಕಾಯಿಲ್ ಥರದ್ದೇ ಬೂಮರಾಂಗ್ ಕೋಸ್ಟರುಗಳು ಊರೂರಲ್ಲಿವೆಯಲ್ಲ, ಎಲ್ಲದಕ್ಕೂ ಬೇರೆ ಕ್ರೆಡಿಟ್ಟೇ? ಮತ್ತೆ ಕಿವಿಗೆ ಗುದ್ದು ಬೀಳುವುದು ತಪ್ಪಿಸುವುದು ಹೇಗೆ?

ಬೋಲ್ಟುನಟ್ಟು:
ಬೇರೆ ಬೇರೆ ಕ್ರೆಡಿಟ್. 1984ರಿಂದ ಜಗತ್ತಿನಲ್ಲಿ ಐವತ್ತಕ್ಕೂ ಹೆಚ್ಚು ಬೂಮರಾಂಗ್ ಕಟ್ಟಿದ್ದಾರೆ. ಅಚ್ಚು ಒಂದೇ ಆದರೂ ಒಂದೊಂದೂ ಪ್ರತ್ಯೇಕ ಯಂತ್ರ.

ಅದರ ಸಾಲು ಯಾಕೆ ಕರಗುವುದಿಲ್ಲ ಅನ್ನುವುದೂ ಇಲ್ಲೇ ಇದೆ. ಗಾಡಿಯನ್ನು ಹಿಂದಕ್ಕೆ ಎಳೆದು ಬಿಡುತ್ತಾರೆ, ಅದು ನಿಲ್ದಾಣದ ಮೂಲಕವೇ ಹಾದು ತಲೆಕೆಳಗಾಗುವ ಮೂರು ತಿರುವು ದಾಟಿ ಎದುರಿನ ಏರಿಗೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಅವೇ ಮೂರು. ಓಡುವ ದಾರಿ ನಿಲ್ದಾಣವನ್ನೇ ಸೀಳಿಕೊಂಡು ಹೋಗುವುದರಿಂದ ಎರಡನೇ ಗಾಡಿ ಹಾಕುವ ಮಾತೇ ಇಲ್ಲ. 28 ಸೀಟಿನ ಗಾಡಿ ನಾಲ್ಕು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 420 ಜನ, ಅಷ್ಟೇ. ಶನಿವಾರ, ಭಾನುವಾರ ಹೋದರೆ ನೀರಾಟಕ್ಕೆ ಜನ ಚದುರಿದ ಮೇಲೆ ಹತ್ತಿ ಅಥವಾ ಎಲ್ಲರೂ ಊಟಕ್ಕೆ ಕೂತಾಗ ಹತ್ತಿ.

ಕಿವಿಗೆ ಗುದ್ದು: ಭುಜದ ಮೇಲಿಂದ ಬರುವ ಗಟ್ಟಿ ತಡೆಗೂ ತಲೆಗೂ ನಡುವೆ ನಾಲ್ಕು ಬೆರಳು ಜಾಗ ಇರುತ್ತದೆ, ಹಳಿ ಹೊರಳುವಾಗ ತಲೆ ಅಲ್ಲಿ ಗಂಟೆಯ ನಾಲಿಗೆಯಂತೆ ಬಡಿಯುತ್ತದೆ. ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಹಿಡಿಯಿರಿ, ಕಿವಿಯೋಲೆ ಮೊದಲೇ ಬಿಚ್ಚಿಡಿ. ದುಪಟ್ಟಾ ತೆಗೆದಿಡಿ, ಉದ್ದ ಸರ ಒಳಗೆ ಸೇರಿಸಿಕೊಳ್ಳಿ, ಕನ್ನಡಕಕ್ಕೆ ಹಿಂದೆ ಕಟ್ಟುವ ಪಟ್ಟಿ ತನ್ನಿ. ಹೊಟ್ಟೆ ತುಂಬ ಬಿಸಿಬೇಳೆಬಾತ್ ಹೊಡೆದು ಹಿಂದಕ್ಕೆ ಓಡುವ ಕೋಸ್ಟರ್ ಹತ್ತಬೇಡಿ. ಹಿಂದಕ್ಕೆ ಸಾಗುವಾಗ ಮುಂದಿನ ತಿರುವು ಕಣ್ಣಿಗೆ ಕಾಣದೆ ಕಿವಿಯ ಸಮತೋಲಕ್ಕೂ ಕಣ್ಣಿಗೂ ತಾಳ ತಪ್ಪುತ್ತದೆ, ವಾಕರಿಕೆ ಅಲ್ಲಿಂದಲೇ.

ಹಳಿಹುಚ್ಚ:
ಸ್ಟೀಲ್ ವೆಂಜನ್ಸ್‌ನಲ್ಲಿ ಯಾವ ಸಾಲು?

ಕೊನೆಸಾಲು:
ನನ್ನ ಹೆಸರೇ ಹೇಳುತ್ತದಲ್ಲ. ಹಿಂದಿನ ಸಾಲು ತುದಿಗೆ ಬರುವಷ್ಟರಲ್ಲಿ ಗಾಡಿಯ ಮುಕ್ಕಾಲು ಭಾಗ ಆಗಲೇ ಇಳಿಯುತ್ತಾ ವೇಗ ಹಿಡಿದಿರುತ್ತದೆ, ಅದು ನಿಮ್ಮನ್ನು ಎಳೆದು ತುದಿ ದಾಟಿಸುತ್ತದೆ. ತೊಡೆಯ ತಡೆಗೆ ಆನಿಕೊಂಡು ಸೀಟಿನಿಂದ ಎದ್ದೇಬಿಡುತ್ತೀರಿ. ಮುಂದಿನ ಸಾಲು ಉಲ್ಟಾ: ತುದಿ ದಾಟಿ ಕೆಳಗೆ ನೋಡುತ್ತಾ ಒಂದು ಗಳಿಗೆ ತೂಗುತ್ತೀರಿ, ಯಾಕೆಂದರೆ ಹಿಂದಿನ ಬೋಗಿಗಳು ಇನ್ನೂ ಏರಿನಲ್ಲೇ ಇರುತ್ತವೆ. ಅಲ್ಲಿ 205 ಅಡಿ ಎತ್ತರದಿಂದ 90 ಡಿಗ್ರಿ ಇಳಿತ, ಆಮೇಲೆ ಹಳಿಯ ಉದ್ದಕ್ಕೂ (ಒಟ್ಟು 5740 ಅಡಿ) ಉಸಿರು ಬಿಡಲು ಜಾಗ ಕಮ್ಮಿ. ಮೊದಲ ಸಲ ಹಿಂದೆ, ಎರಡನೇ ಸಲ ಮುಂದೆ.

ತೊಡೆಯ ತಡೆಯನ್ನು ನೀವೇ ಹೊಟ್ಟೆಗೆ ಜಜ್ಜಿಕೊಳ್ಳಬೇಡಿ. ಸಿಬ್ಬಂದಿ ಒತ್ತಿದಷ್ಟು ಸಾಕು, ಹೆಚ್ಚಾದರೆ ಎರಡೂವರೆ ನಿಮಿಷ ತೊಡೆ ನೋವು.

ಜೊತೆಗೆ ಮಕ್ಕಳಿದ್ದರೆ: ಸ್ಟೀಲ್ ವೆಂಜನ್ಸ್‌ಗೆ 52 ಇಂಚು ಎತ್ತರ ಬೇಕು, ಮಿಲೆನಿಯಮ್ ಫೋರ್ಸ್‌ಗೆ 48. ಮನೆಯಲ್ಲೇ ಬರಿಗಾಲಲ್ಲಿ ಅಳೆದು ಹೊರಡಿ. ದಪ್ಪ ಅಟ್ಟೆಯ ಬೂಟಿನ ಮೇಲೆ ಲೆಕ್ಕ ಹಾಕಿ ಹೋದರೆ ಬಾಗಿಲಲ್ಲಿ ಅಳು.

ರಂಗಸಜ್ಜಿಕೆ:
ಎಲ್ಲರೂ ಹಳಿಯ ಮೇಲೇ ಇದ್ದೀರಿ. ಮೈಲಿಗಲ್ಲು ಅಂದರೆ ಹುಟ್ಟುಹಬ್ಬ, ಮದುವೆಯ ವರ್ಷಾಚರಣೆ, ಮಗುವಿನ ಮೊದಲ ಪಾರ್ಕು ಕೂಡ. ಅಂಥ ದಿನಕ್ಕೆ ಸಂಜೆಯ ಶೋ ಬೇಕು, ಅದಕ್ಕೂ ಕೋಸ್ಟರಿನಷ್ಟೇ ಲೆಕ್ಕಾಚಾರ ಬೇಕು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಹುಟ್ಟುಹಬ್ಬ, ಮೊದಲ ಭೇಟಿ ಮುಂತಾದವಕ್ಕೆ ಎದೆಗೆ ಚುಚ್ಚುವ ಬಿಲ್ಲೆ ಪುಕ್ಕಟೆ ಸಿಗುತ್ತದೆ. ಒಳಗೆ ಹೋಗುತ್ತಲೇ ಸಿಟಿ ಹಾಲ್‌ನಲ್ಲಿ ಕೇಳಿ. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಹುಟ್ಟುಹಬ್ಬಕ್ಕೆ ಸಿಬ್ಬಂದಿ ಸ್ಟಿಕ್ಕರ್ ಕೊಡುತ್ತಾರೆ. ದಿನವಿಡೀ ಸಿಬ್ಬಂದಿ ಹೆಸರು ಹಿಡಿದು ಹಾರೈಸುತ್ತಾರೆ. ಬಿಟ್ಟಿ ಕೇಕಿನ ನಿರೀಕ್ಷೆ ಬೇಡ.

ಪಟಾಕಿಗೆ ಗಾಳಿಯೇ ಶತ್ರು. ನೆಲದಲ್ಲಿ ಎಲೆ ಅಲುಗದಿದ್ದರೂ ಮೇಲೆ ಗಾಳಿ ಜೋರಿದ್ದರೆ ಕಿಡಿ ಎಲ್ಲಿ ಬೀಳುತ್ತದೋ ಹೇಳಲಾಗದು, ಕೊನೆಯ ಗಳಿಗೆಯಲ್ಲಿ ರದ್ದು. ಆಗ ಕಟ್ಟಡಗಳ ಮೇಲಿನ ಬೆಳಕಿನ ಚಿತ್ರಗಳು ಮಾತ್ರ ನಡೆಯುತ್ತವೆ. ಕ್ಯಾಲಿಫೋರ್ನಿಯಾದ ಕೋಟೆ 77 ಅಡಿಯ ಚಿಕ್ಕದು. ಅದರ ಬುಡದಲ್ಲಿ ಜಾಗ ಹಿಡಿದವರಿಗೆ ಪಟಾಕಿ ಇಲ್ಲದ ದಿನ ಹೆಚ್ಚೇನೂ ಸಿಗದು. ಮೇನ್ ಸ್ಟ್ರೀಟಿನ ನಡುಭಾಗದಲ್ಲಿ ನಿಂತರೆ ಎರಡೂ ಬದಿಯ ಕಟ್ಟಡಗಳ ಮೇಲೆ ಚಿತ್ರ ಓಡುತ್ತದೆ, ದೂರದಲ್ಲಿ ಕೋಟೆಯೂ ಕಾಣುತ್ತದೆ.

ಅದೇ ಪಾರ್ಕಿನ ಫ್ಯಾಂಟಾಸ್ಮಿಕ್, 1992ರಿಂದ ನದಿಯ ಮೇಲೆ ನಡೆದುಬಂದ ಶೋ. 2023ರ ಏಪ್ರಿಲ್ 22ರಂದು ಅದರ ದೊಡ್ಡ ಡ್ರ್ಯಾಗನ್ ಗೊಂಬೆಗೇ ಬೆಂಕಿ ಹತ್ತಿತು, ಮತ್ತೆ ಶುರುವಾದದ್ದು 2024ರ ಮೇಯಲ್ಲಿ, ಆ ಡ್ರ್ಯಾಗನ್ ಇಲ್ಲದೆ. ಹಳೆಯ ವಿಡಿಯೊ ನೋಡಿಕೊಂಡು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಪಕ್ಕದ ಪಾರ್ಕಿನ ವರ್ಲ್ಡ್ ಆಫ್ ಕಲರ್ (2010) ಕಾರಂಜಿಗಳದ್ದು. ನೀರಿನ ಅಂಚಿಗೆ ನಿಂತರೆ ನೆನೆಯುತ್ತೀರಿ, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಇರಲಿ.

ಪಾರ್ಕಿನ ಹುಟ್ಟುಹಬ್ಬಕ್ಕೇ ಹುಟ್ಟಿದ ಶೋ ನೋಡಬೇಕಾದರೆ ನೆದರ್ಲೆಂಡ್ಸಿನ ಎಫ್ಟೆಲಿಂಗ್. 1952ರಲ್ಲಿ ತೆರೆದ ಪಾರ್ಕು, 60 ತುಂಬಿದ 2012ರಲ್ಲಿ ಅಕ್ವಾನುರಾ ಕಾರಂಜಿ ಬಂತು. ದಿನದ ಕೊನೆಗೆ ಇಡುತ್ತಾರೆ. ಫ್ರಾನ್ಸಿನ ಪ್ಯುಯಿ ದು ಫು ಅಂತೂ ಶೋಗಳದ್ದೇ ಪಾರ್ಕು, ಕೋಸ್ಟರ್ ಒಂದೂ ಇಲ್ಲ. ಅಲ್ಲಿನ ಸಿನೆಸೆನಿ 1978ರಿಂದ ಬೇಸಿಗೆಯ ಶುಕ್ರವಾರ, ಶನಿವಾರದ ರಾತ್ರಿ 23 ಹೆಕ್ಟೇರ್ ಬಯಲಿನಲ್ಲಿ ನಡೆಯುತ್ತದೆ, ಆಡುವವರೆಲ್ಲ ಸ್ವಯಂಸೇವಕರು. ಬಯಲಾಟದ ರುಚಿ ಗೊತ್ತಿದ್ದವರಿಗೆ ನೂರು ಕೋಸ್ಟರಿಗಿಂತ ಅದೊಂದು ರಾತ್ರಿ ದೊಡ್ಡದು. ಟಿಕೆಟ್ ಬೇರೆ, ಮೊದಲೇ ಕೊಳ್ಳಬೇಕು, ಜುಲೈಯಲ್ಲೂ ಸ್ವೆಟರ್ ಬೇಕು.

ಚಿತ್ರಗುಪ್ತ:
ಕೋಸ್ಟರ್ ಇಲ್ಲದ ಪಾರ್ಕನ್ನು ಈ ಎಳೆಗೆ ತಂದ ಧೈರ್ಯಕ್ಕೆ ನಮಸ್ಕಾರ.

ರಂಗಸಜ್ಜಿಕೆ:
ನಿಮಗೂ ಲಾಭ ಇದೆ. ಮೆರವಣಿಗೆ, ಪಟಾಕಿ ನಡೆಯುವಾಗ ರೈಡ್‌ಗಳ ಸಾಲು ಇಳಿಯುತ್ತದೆ. ಮೊದಲ ದಿನ ಶೋ ನೋಡಿ, ಎರಡನೇ ದಿನ ಅದೇ ಹೊತ್ತಿಗೆ ಹಳಿ ಹತ್ತಿ. ಮುಚ್ಚುವ ಗಂಟೆಗೆ ಮುಂಚೆ ಸಾಲಿನೊಳಗೆ ಕಾಲಿಟ್ಟವರನ್ನು ಸಾಮಾನ್ಯವಾಗಿ ಹತ್ತಿಸಿಯೇ ಕಳಿಸುತ್ತಾರೆ.

ಸಾಲಲ್ಲಿನಿಂತವಳು:
ಫೋಟೊ ವಿಷಯ ಯಾರೂ ಹೇಳಲಿಲ್ಲ. "100" ಬರೆದ ಹಾಳೆಯನ್ನು ಗಾಡಿಗೆ ಒಯ್ಯುವಂತಿಲ್ಲ, ಕೈಯಿಂದ ಹಾರಿದರೆ ಹಿಂದಿನವರ ಮುಖಕ್ಕೆ. ರೈಡಿನ ಹೆಸರಿನ ಫಲಕದ ಮುಂದೆ ತೆಗೆಯಿರಿ, ಅದೂ ಇಳಿದು ಬಂದ ಮೇಲೆ. ಹತ್ತುವ ಮೊದಲು ತೆಗೆದು, ಆಮೇಲೆ ರೈಡ್ ಕೆಟ್ಟು ನಿಂತರೆ ಆ ಫೋಟೊ ಸುಳ್ಳಾಗುತ್ತದೆ. ನಾಲ್ಕಾಗಿ ಮಡಚಿದ ಬಟ್ಟೆಯ ತುಂಡಿನ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದರೆ ಮಳೆಗೂ ಹಾಳಾಗದು, ಜೇಬಿಗೂ ಹಿಡಿಯುತ್ತದೆ.

ಹಳಿಹುಚ್ಚ:
ಪಟ್ಟಿ ತಾಳೆ ನೋಡಿ ಆಯಿತು. ಆಲ್ಪೆನ್‌ಎಕ್ಸ್‌ಪ್ರೆಸ್ ಇತ್ತು, ಹೋಯಿತು. ಈಗ 93. ಹಾಗಾದರೆ ಮೊದಲ ಮಧ್ಯಾಹ್ನ ಆರು: ಬ್ಲೂ ಸ್ಟ್ರೀಕ್, ರ‍್ಯಾಪ್ಟರ್, ಐರನ್ ಡ್ರ್ಯಾಗನ್, ಕಾರ್ಕ್‌ಸ್ಕ್ರೂ, ವೈಲ್ಡ್ ಮೌಸ್, ಸೀಡರ್ ಕ್ರೀಕ್. ಮ್ಯಾಗ್ನಮ್ ಕಾಯ್ದಿಟ್ಟದ್ದು, ಗಡುವು ಮೂರು ಗಂಟೆ. ಜೆಮಿನಿ ನೂರರ ನಂತರ.

ಬೋಲ್ಟುನಟ್ಟು:
ಮಧ್ಯಾಹ್ನ ಆರು ಅಂದರೆ ವೈಲ್ಡ್ ಮೌಸ್ ಮೊದಲು ಮುಗಿಸಿ. ಬೋಗಿಗೆ ನಾಲ್ಕೇ ಜನ, ಸಾಲು ಚಿಕ್ಕದಾಗಿ ಕಂಡರೂ ನಿಧಾನ ಸರಿಯುತ್ತದೆ. ಮತ್ತೆ ಸ್ಟೀಲ್ ವೆಂಜನ್ಸ್‌ಗೆ ಹೋಗುವಾಗ ಜೇಬಿನಲ್ಲಿ ಬಿಡಿ ಸಾಮಾನು ಒಂದೂ ಬೇಡ. ಫೋನ್ ವಿಷಯದಲ್ಲಿ ಅಲ್ಲಿ ತುಂಬಾ ಕಟ್ಟುನಿಟ್ಟು, ನಿಯಮವೂ ಬದಲಾಗಬಹುದು, ಹಿಂದಿನ ರಾತ್ರಿ ಪಾರ್ಕಿನ ಪುಟ ನೋಡಿ.

ಹುಬ್ಬಳ್ಳಿ ಮಂದಿ:
ಬಟ್ಟಿಮ್ಯಾಲ 100 ಈಗ ಬರೀಬ್ಯಾಡ್ರಿ ಮತ್ತ. ಮಾರ್ಕರ್ ಲಾಕರ್‌ನಾಗ ಇರಲಿ.